ಅಜ್ಜನ ಬೆಳ್ಳಿ ರೂಪಾಯಿ ಫೋಟೋದಲ್ಲಿ ತಗಡಿನ ಹಾಗೆ ಕಾಣುತ್ತಿದೆ. ಬೆಳಕು ಹೇಗೆ ಕೊಡಬೇಕು?

ಹೆಂಚಿನಮನೆ (ಕೊಪ್ಪ) · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ನಾಣ್ಯ ಸಂಗ್ರಹ ಮಾಡುವವಳಲ್ಲ. ಅಜ್ಜ ತೀರಿಕೊಂಡು ಒಂದು ವರ್ಷವಾಯಿತು. ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಬಿಸ್ಕತ್ ಡಬ್ಬ, ಅದರೊಳಗೆ 43 ನಾಣ್ಯ ಸಿಕ್ಕಿವೆ. ಗೌರಿ ಹಬ್ಬಕ್ಕೆ ಎಲ್ಲರೂ ಸೇರುತ್ತಾರೆ, ಆಗ ನಾಲ್ಕು ಪಾಲು ಆಗಬೇಕು. ಅದಕ್ಕೆ ಮೊದಲು ಒಂದೊಂದರ ಎರಡೂ ಮುಖದ ಫೋಟೋ ತೆಗೆದಿಡೋಣ ಅಂತ ನಾನೇ ಬಾಯಿಬಿಟ್ಟೆ. ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ಡಬ್ಬದಲ್ಲಿರುವುದು ಜಾಸ್ತಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಹೆಚ್ಚಿನವು 1862. ಒಂದು 1911ರ ಜಾರ್ಜ್ ರೂಪಾಯಿ. ತಾಮ್ರದ ಕಾಲಾಣೆಗಳು. ಆನೆ ಇರುವ ಒಂದು ಕಪ್ಪಗಿನ ತಾಮ್ರದ ಕಾಸು. ಹುಲಿ ಇರುವ 1947ರ ರೂಪಾಯಿ. ಆಮೇಲೆ ತೊಗರಿಬೇಳೆಗಿಂತ ಸ್ವಲ್ಪ ದೊಡ್ಡದಾದ ಒಂದು ಬಂಗಾರದ ನಾಣ್ಯ. ಅಜ್ಜಿ ಅದನ್ನು ಇಕ್ಕೇರಿ ವರಹ ಅನ್ನುತ್ತಾರೆ.

ಫೋನಿನಲ್ಲಿ ಫ್ಲ್ಯಾಶ್ ಹಾಕಿದರೆ ನಡುವೆ ಬಿಳಿ ಗುಂಡು, ರಾಣಿಯ ಮುಖವೇ ಇಲ್ಲ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಬೂದಿ ಬಣ್ಣ, ತಗಡು ಕತ್ತರಿಸಿ ಇಟ್ಟ ಹಾಗೆ. ಹತ್ತಿರ ಹೋದರೆ ಫೋನಿನದೇ ನೆರಳು. ಕಣ್ಣಿಗೆ ಅಷ್ಟು ಚಂದ ಕಾಣುವ ನಾಣ್ಯ ಫೋಟೋದಲ್ಲಿ ಯಾಕೆ ಹೀಗೆ?

ಹಳೇಸ್ಟುಡಿಯೋ (ಹಾಸನ) · ಭಾನುವಾರ ರಾತ್ರಿ

ಅಮ್ಮಾ, ಮೊದಲು ಫ್ಲ್ಯಾಶ್ ಆಫ್ ಮಾಡಿ. ಹಬ್ಬದ ತನಕ ಆನ್ ಮಾಡಬೇಡಿ.

ನಾನು ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು. ಪಾಸ್‌ಪೋರ್ಟ್ ಫೋಟೋದಿಂದ ಮದುವೆ ಆಲ್ಬಮ್ ತನಕ ಎಲ್ಲ ಮಾಡಿದ್ದೇನೆ. ಮೊದಲ ಸಲ ಒಬ್ಬರು ನಾಣ್ಯ ತಂದಾಗ ನನಗೂ ಇದೇ ಗತಿ ಆಗಿತ್ತು. ಆಮೇಲೆ ತಿಳಿಯಿತು: ನಾಣ್ಯ ಅಂದರೆ ಒಂದು ಸಣ್ಣ ಕನ್ನಡಿ, ಅದರ ಮೇಲೆ ಒಂದಿಷ್ಟು ಗುಡ್ಡ. ಕನ್ನಡಿಗೆ ಬೆಳಕು ಬಿಟ್ಟರೆ ಕನ್ನಡಿ ಕಾಣುವುದಿಲ್ಲ. ಎದುರಿಗೆ ಏನಿದೆಯೋ ಅದು ಕಾಣುತ್ತದೆ.

ನಿಮ್ಮ ಫೋನು ನಾಣ್ಯದ ನೆತ್ತಿಯ ಮೇಲಿದೆ. ನಾಣ್ಯದ ಸಪಾಟು ಭಾಗಕ್ಕೆ ಕಾಣುವುದು ಫೋನಿನ ಕಪ್ಪು ಬೆನ್ನು. ಅದಕ್ಕೇ ಬೂದಿ ಬಣ್ಣ. ಫ್ಲ್ಯಾಶ್ ಹಾಕಿದಾಗ ಫೋನಿನ ಪಕ್ಕದಲ್ಲೇ ಸೂರ್ಯ ಹುಟ್ಟಿದ ಹಾಗೆ ಆಗಿ, ಕನ್ನಡಿ ಆ ಬೆಳಕನ್ನು ನೇರ ಲೆನ್ಸಿಗೆ ವಾಪಸ್ ಎಸೆಯುತ್ತದೆ. ಅದು ನಿಮ್ಮ ಬಿಳಿ ಗುಂಡು. ಎರಡೂ ತೊಂದರೆಗೆ ಕಾರಣ ಒಂದೇ, ಬೆಳಕು ಇರುವ ಜಾಗ.

ಈಗ ಹೀಗೆ ಮಾಡಿ. ನಾಣ್ಯದಿಂದ ಒಂದು ಗೇಣು ಮೇಲಕ್ಕೆ ಫೋನು ಇರಲಿ. ಹತ್ತಿರ ಹೋಗಬೇಡಿ. 2 ಪಟ್ಟು ಜೂಮ್ ಮಾಡಿ. ಕೆಲವು ಫೋನು ಹತ್ತಿರ ಹೋದ ಕೂಡಲೇ ತಾನೇ ಮ್ಯಾಕ್ರೋಗೆ (ತೀರಾ ಹತ್ತಿರದಿಂದ ತೆಗೆಯುವ ಬಗೆಗೆ) ಬದಲಾಗುತ್ತದೆ, ಅದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ. ದಪ್ಪ ಪುಸ್ತಕಗಳನ್ನು ಪೇರಿಸಿ, ಕ್ಯಾಮರಾ ಭಾಗ ಮಾತ್ರ ಅಂಚಿನಿಂದ ಆಚೆ ಬರುವ ಹಾಗೆ ಫೋನು ಮಲಗಿಸಿ, ಹಿಂಬದಿಗೆ ಏನಾದರೂ ಭಾರ ಇಡಿ. ಎರಡು ಸೆಕೆಂಡು ಟೈಮರ್ ಹಾಕಿ, ಕೈ ತೆಗೆಯಿರಿ.

ಬೆಳಕಿಗೆ ಓದುವ ಟೇಬಲ್ ಲ್ಯಾಂಪ್ ಒಂದೇ ಸಾಕು. ಕೋಣೆಯ ಬಾಕಿ ಎಲ್ಲ ದೀಪ ಆರಿಸಿ. ಲ್ಯಾಂಪನ್ನು ಎತ್ತರದಲ್ಲಿ, ಫೋನಿಗೆ ಆದಷ್ಟು ಹತ್ತಿರ ಹಿಡಿದು, ನಿಧಾನವಾಗಿ ಕೆಳಗಿಳಿಸುತ್ತಾ ಸ್ಕ್ರೀನ್ ನೋಡಿ. ಮೇಲಿದ್ದಾಗ ಸಪಾಟು ಭಾಗ ಬೆಳ್ಳಗಿರುತ್ತದೆ. ಇಳಿಸುತ್ತಾ ಹೋದ ಹಾಗೆ ಅದು ಕಪ್ಪಾಗಿ, ಅಕ್ಷರದ ಅಂಚುಗಳು ಮಾತ್ರ ಹೊಳೆಯುತ್ತವೆ. ನಡುವೆ ಎಲ್ಲೋ ಒಂದು ಕಡೆ ನಾಣ್ಯ ಎದ್ದು ಕೂರುತ್ತದೆ. ಆ ಜಾಗ ಒಂದೊಂದು ನಾಣ್ಯಕ್ಕೆ ಒಂದೊಂದು. ಇಂತಿಷ್ಟೇ ಡಿಗ್ರಿ ಅಂತ ಹೇಳುವವರ ಮಾತು ನಂಬಬೇಡಿ.

ಮಳೆಬಿಲ್ಲು (ಮೂಡಿಗೆರೆ) · ಭಾನುವಾರ ರಾತ್ರಿ

ಲ್ಯಾಂಪ್ ಹಾಕಲಿಕ್ಕೆ ಕರೆಂಟು ಬೇಕಲ್ಲ ಮಾರಾಯ್ರೇ. ನಮ್ಮಲ್ಲಿ ಹೋಗಿ ಎರಡು ದಿನವಾಯಿತು.

ಹಳೇಕಾಸು (ಅರಸೀಕೆರೆ) · ಸೋಮವಾರ ಬೆಳಗ್ಗೆ

ಸ್ಟುಡಿಯೋ ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಈಗ ಯಾರಾದರೂ ಬಂದು "ಲ್ಯಾಂಪಿಗೆ ಬಟರ್ ಪೇಪರ್ ಕಟ್ಟಿ, ಬೆಳಕು ಮೆತ್ತಗಾಗುತ್ತದೆ" ಅನ್ನುತ್ತಾರೆ. ಬೆಳ್ಳಿ ನಾಣ್ಯಕ್ಕೆ ಅದನ್ನು ಮಾಡಬೇಡಿ.

ಕಾರಣ ಇದೆ. ಟಂಕಸಾಲೆಯಲ್ಲಿ ಅಚ್ಚು ಹೊಡೆದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಚಲಾವಣೆಯಲ್ಲಿ ಸವೆಯದ ನಾಣ್ಯವನ್ನು ದೀಪದ ಕೆಳಗೆ ವಾಲಿಸಿದರೆ ಒಂದು ಬೆಳಕಿನ ಪಟ್ಟಿ ಗಾಡಿ ಚಕ್ರದ ಅರಗಳ ಹಾಗೆ ಸುತ್ತುತ್ತದೆ, ನೋಡಿದ್ದೀರಾ? ಅದು ಈ ಗೆರೆಗಳ ಕೆಲಸ. ಸಂಗ್ರಾಹಕರು ಅದನ್ನು ಕಾರ್ಟ್‌ವೀಲ್ ಅನ್ನುತ್ತಾರೆ. ಕೈಯಿಂದ ಕೈಗೆ ಓಡಾಡಿದರೆ ಮೊದಲು ಹೋಗುವುದೇ ಇದು. ಅಷ್ಟಗಲದ ಮೆತ್ತನೆ ಬೆಳಕು ಎಲ್ಲ ದಿಕ್ಕಿನಿಂದ ಬಿದ್ದರೆ ಆ ಪಟ್ಟಿ ಕರಗಿಹೋಗುತ್ತದೆ. ಹೊಸದರಂತಿರುವ ರೂಪಾಯಿಯೂ ಸವೆದ ರೂಪಾಯಿಯೂ ಒಂದೇ ಥರ ಕಾಣುತ್ತವೆ.

ನಾನು ಎರಡು ಸಣ್ಣ ಎಲ್‌ಇಡಿ ಬಲ್ಬು ಬಳಸುತ್ತೇನೆ. ನಾಣ್ಯವನ್ನು ಗಡಿಯಾರ ಅಂದುಕೊಂಡರೆ ಒಂದು 10 ಗಂಟೆಯ ಕಡೆ, ಇನ್ನೊಂದು 2 ಗಂಟೆಯ ಕಡೆ. ಎರಡೂ ಎತ್ತರದಲ್ಲಿ. ಯಾವುದೇ ಪರದೆ ಇಲ್ಲ.

ಹಳೇಸ್ಟುಡಿಯೋ (ಹಾಸನ) · ಸೋಮವಾರ ಬೆಳಗ್ಗೆ

ಅರಸೀಕೆರೆಯವರೇ, ಒಪ್ಪಿದೆ, ಆದರೆ ಅರ್ಧ. ಇವರ ಡಬ್ಬದ ರೂಪಾಯಿಗಳು ಪೇಟೆ ಸುತ್ತಿ ಬಂದವು. ಹೊಳಪೇ ಉಳಿದಿಲ್ಲದ ನಾಣ್ಯಕ್ಕೆ ಬರಿ ಬಲ್ಬು ಹಿಡಿದರೆ ಗೀರುಗಳೇ ಮಿಂಚುತ್ತವೆ, ಮೂಗಿನ ತುದಿ ಬರಿ ಬಿಳಿಯಾಗಿ ಸುಟ್ಟುಹೋಗುತ್ತದೆ. ಅಂಥದಕ್ಕೆ ಬಟರ್ ಪೇಪರ್ ಇರಲಿ.

ಹಳೇಕಾಸು (ಅರಸೀಕೆರೆ) · ಸೋಮವಾರ ಬೆಳಗ್ಗೆ

ಗೀರು ಇದ್ದರೆ ಗೀರು ಕಾಣಬೇಕು ಅಣ್ಣ.

ಹೆಂಚಿನಮನೆ (ಕೊಪ್ಪ) · ಸೋಮವಾರ ರಾತ್ರಿ

ಇಬ್ಬರ ಮಾತೂ ಮಾಡಿ ನೋಡಿದೆ. ಪುಸ್ತಕ ಪೇರಿಸಿದ್ದು ತುಂಬ ಉಪಯೋಗವಾಯಿತು, ಫೋಟೋ ಅಲುಗುವುದು ನಿಂತಿತು. ಲ್ಯಾಂಪ್ ಇಳಿಸುತ್ತಾ ನೋಡುವುದಂತೂ ಆಟದ ಹಾಗೆ ಆಯಿತು. ಅಮ್ಮ ಊಟಕ್ಕೆ ಮೂರು ಸಲ ಕರೆದರು.

ಆದರೆ ಒಂದು ವಿಚಿತ್ರ. ಕೆಲವು ಫೋಟೋದಲ್ಲಿ ರಾಣಿಯ ಮುಖ ಉಬ್ಬಿ ಕಾಣುವ ಬದಲು ಒಳಗೆ ಕುಸಿದ ಹಾಗಿದೆ. ಅಕ್ಷರಗಳೂ ಕೊರೆದ ಹಾಗೆ. ನಾಣ್ಯ ಅದೇ, ದೀಪ ಅದೇ. ತಮ್ಮನಿಗೆ ತೋರಿಸಿದರೆ ಅವನಿಗೂ ಹಾಗೇ ಕಾಣುತ್ತದೆ. ಏನಿದು?

ಬೇಲೂರುಹಾದಿ (ಬೇಲೂರು) · ಸೋಮವಾರ ರಾತ್ರಿ

ಆ ಫೋಟೋದಲ್ಲಿ ದೀಪ ರಾಣಿಯ ಗದ್ದದ ಕಡೆ ಇತ್ತು, ಅಲ್ವಾ? ಫೋಟೋವನ್ನು ತಲೆಕೆಳಗು ಮಾಡಿ ನೋಡಿ, ಮುಖ ಉಬ್ಬುತ್ತದೆ.

ನಮ್ಮ ಕಣ್ಣಿಗೆ ಬೆಳಕು ಮೇಲಿಂದ ಬಂದೇ ಅಭ್ಯಾಸ. ಸೂರ್ಯ ಮೇಲಿರುತ್ತಾನೆ, ಉಬ್ಬಿದ ವಸ್ತುವಿನ ನೆರಳು ಕೆಳಗೆ ಬೀಳುತ್ತದೆ. ನೀವು ಕೆಳಗಿನಿಂದ ಬೆಳಕು ಕೊಟ್ಟರೆ ನೆರಳು ಮೇಲೆ ಬೀಳುತ್ತದೆ. ಕಣ್ಣು ಅದನ್ನು ಹಳ್ಳ ಅಂದುಕೊಳ್ಳುತ್ತದೆ. ಚಂದ್ರನ ಫೋಟೋ ತಿರುಗಿಸಿದರೆ ಹಳ್ಳಗಳು ಗುಡ್ಡ ಆಗುವುದೂ ಇದರಿಂದಲೇ. ದೀಪ ಯಾವತ್ತೂ ನಾಣ್ಯದ ತಲೆಯ ಕಡೆ ಇರಲಿ. ಮುಖ ಎಡಕ್ಕೆ ನೋಡುತ್ತಿದ್ದರೆ ದೀಪ 10 ಅಥವಾ 11 ಗಂಟೆಯ ಕಡೆ, ಆಗ ನೆರಳು ಕೆನ್ನೆ ಕತ್ತಿನ ಕಡೆ ಹೋಗುತ್ತದೆ.

ನಾನು ನಾಣ್ಯದವನಲ್ಲ, ಶಾಸನದ ಹುಚ್ಚಿನವನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆ ಮೇಲೆ ಎಷ್ಟು ಶಾಸನ ಇವೆ ನೋಡಿ. ನಡು ಮಧ್ಯಾಹ್ನ ಹೋದರೆ ಬರಿ ಬಂಡೆ, ಕಾಲು ಬೇರೆ ಸುಡುತ್ತದೆ. ಸಂಜೆ ಐದೂವರೆಗೆ ಬಿಸಿಲು ಓರೆಯಾಗುತ್ತದೆ, ಆಗ ಒಂದೊಂದೇ ಅಕ್ಷರ ಎದ್ದು ಬರುತ್ತದೆ. ಸವೆದ ನಾಣ್ಯಕ್ಕೂ ಇದೇ. ಲ್ಯಾಂಪನ್ನು ಟೇಬಲ್ ಮಟ್ಟಕ್ಕೆ ಇಳಿಸಿ, ಹತ್ತು ಹದಿನೈದು ಡಿಗ್ರಿಯಲ್ಲಿ ಬೆಳಕು ತೇಲಿಸಿ. ಚಂದದ ಫೋಟೋ ಬರುವುದಿಲ್ಲ, ಓದುವ ಫೋಟೋ ಬರುತ್ತದೆ. ನಿಮ್ಮ ಆನೆ ಕಾಸಿಗೆ ಹಾಗೆ ಮಾಡಿ ನೋಡಿ.

ಹೆಂಚಿನಮನೆ (ಕೊಪ್ಪ) · ಸೋಮವಾರ ರಾತ್ರಿ

ಅಯ್ಯೋ ಹೌದು! ಫೋನು ತಿರುಗಿಸಿದ ಕೂಡಲೇ ಮುಖ ಹೊರಗೆ ಬಂತು. ತಮ್ಮ ಇನ್ನೂ ತಿರುಗಿಸುತ್ತಲೇ ಕೂತಿದ್ದಾನೆ.

ನಾಳೆ ಆನೆ ಕಾಸು. ಅಮ್ಮ ಅದನ್ನು ಹುಣಸೆಹಣ್ಣಲ್ಲಿ ನೆನೆಸಿ ತಿಕ್ಕಿ ಕೊಡುತ್ತೇನೆ ಅಂದಿದ್ದಾರೆ.

ಹಳೇಕಾಸು (ಅರಸೀಕೆರೆ) · ಸೋಮವಾರ ರಾತ್ರಿ

ಬೇಡ! ಬೇಡ! ಅಮ್ಮನ ಕೈಯಿಂದ ಕಾಸು ತೆಗೆದುಕೊಳ್ಳಿ ಮೊದಲು.

ಕಣದಂಗಳ (ಸಕಲೇಶಪುರ) · ಸೋಮವಾರ ರಾತ್ರಿ

ನನ್ನ ಕತೆ ಕೇಳಿ. ನಮ್ಮ ಮನೆಯಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುವ ಹನ್ನೊಂದು ಬೆಳ್ಳಿ ರೂಪಾಯಿ ಇವೆ. ಕಪ್ಪಾಗಿವೆ ಅಂತ ನಾನೇ ಪಾತ್ರೆ ತಿಕ್ಕುವ ಪುಡಿ ಹಾಕಿ ಫಳಫಳ ಮಾಡಿದೆ. ಎಲ್ಲರೂ ಹೊಗಳಿದರು. ಎರಡು ವರ್ಷದ ಮೇಲೆ ಫೋಟೋ ತೆಗೆಯಲು ಹೋದೆ. ದೀಪ ಎಲ್ಲಿಟ್ಟರೂ ಸಾವಿರ ಕೂದಲು ಗೀರು. ಮೇಲಿಟ್ಟರೆ ಮಂಕು ಬಿಳಿ, ಕೆಳಗಿಟ್ಟರೆ ಬಲೆ ಹೆಣೆದ ಹಾಗೆ. ಅಜ್ಜಿ ಕಾಲದ ನೀಲಿ ಕಂದು ಛಾಯೆ ಹೋಯಿತು, ಮತ್ತೆ ಬರಲಿಲ್ಲ.

ತೋರಿಸಿದಾಗ ವ್ಯಾಪಾರಿಯೊಬ್ಬರು ಕೈಯಲ್ಲಿ ಒಮ್ಮೆ ವಾಲಿಸಿ "ತೊಳೆದಿದ್ದೀರಿ" ಅಂದರು. ಐದು ಸೆಕೆಂಡ್ ಕೂಡ ಬೇಕಾಗಲಿಲ್ಲ ಅವರಿಗೆ.

ಹಳೇಕಾಸು (ಅರಸೀಕೆರೆ) · ಮಂಗಳವಾರ ಬೆಳಗ್ಗೆ

ತೊಳೆಯುವುದು, ತಿಕ್ಕುವುದು, ಪಾಲಿಶ್ ಯಾವುದೂ ಬೇಡ. ಧೂಳಿದ್ದರೆ ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಗುರುತು ತಾಮ್ರದ ಮೇಲೆ ಕೂತರೆ ವರ್ಷ ಕಳೆದರೂ ಹೋಗುವುದಿಲ್ಲ. ಕೆಳಗೆ ಮೆತ್ತನೆ ಬಟ್ಟೆ ಹಾಸಿ, ಬಿದ್ದರೆ ಅಂಚು ಜಜ್ಜುತ್ತದೆ. ಮಲೆನಾಡಿನ ಥಂಡಿಗೆ ತಾಮ್ರ ಹಸಿರು ಹಿಡಿಯುವುದು ಬೇಗ. ಫೋಟೋ ಆದ ಮೇಲೆ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಪಿವಿಸಿ ಪ್ಲಾಸ್ಟಿಕ್ ಕವರ್ ಮಾತ್ರ ಬೇಡ, ಅದು ಅಂಟು ಬಿಟ್ಟು ನಾಣ್ಯ ತಿನ್ನುತ್ತದೆ.

ಮಳೆಬಿಲ್ಲು (ಮೂಡಿಗೆರೆ) · ಮಂಗಳವಾರ ಮಧ್ಯಾಹ್ನ

ಕರೆಂಟು ಬಂತು. ಅದು ಇಲ್ಲದಿದ್ದಾಗ ನಾನು ಏನು ಮಾಡಿದೆ ಅಂತ ಹೇಳುತ್ತೇನೆ.

ಮೋಡ ಕವಿದ ಆಕಾಶಕ್ಕಿಂತ ದೊಡ್ಡ ಪರದೆ ಯಾವ ಸ್ಟುಡಿಯೋದಲ್ಲೂ ಇಲ್ಲ ಅಂತ ಜಗಲಿಯಲ್ಲಿ ಕೂತು ನಮ್ಮ ಅಪ್ಪನ ನಾಲ್ಕು ಬೆಳ್ಳಿ ನಾಣ್ಯ ತೆಗೆದೆ. ನೆರಳು ಮೆತ್ತಗೆ, ಅಕ್ಷರ ಸ್ಪಷ್ಟ, ಎಲ್ಲ ಚಂದ. ಕಂಪ್ಯೂಟರಿನಲ್ಲಿ ನೋಡಿದರೆ ನಾಣ್ಯ ಹಸಿರು! ಯಾಕೆ ಅಂತ ಅರ್ಧ ದಿನ ತಲೆ ಕೆರೆದುಕೊಂಡೆ. ಜಗಲಿ ಎದುರಿಗೆ ಕಾಫಿ ಗಿಡ, ಅದರ ಹಿಂದೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಸ್ಟುಡಿಯೋ ಅಣ್ಣ ಹೇಳಿದ ಹಾಗೆ ಕನ್ನಡಿಗೆ ಎದುರಿಗಿರುವುದೇ ಕಾಣುವುದಲ್ಲ, ನನ್ನ ನಾಣ್ಯದಲ್ಲಿ ಇಡೀ ತೋಟ ಇತ್ತು.

ಎದುರಿಗೆ ಒಂದು ಬಿಳಿ ಪಂಚೆ ಕಟ್ಟಿದೆ. ಸರಿಹೋಯಿತು. ಕೆಂಪು ಟೀಶರ್ಟ್ ಹಾಕಿಕೊಂಡು ಬಗ್ಗಿದರೂ ನಾಣ್ಯ ಕೆಂಪಾಗುತ್ತದೆ, ನೆನಪಿರಲಿ.

ಹಳೇಸ್ಟುಡಿಯೋ (ಹಾಸನ) · ಮಂಗಳವಾರ ಸಂಜೆ

ಒಳ್ಳೆಯ ಮಾತು. ಸ್ಟುಡಿಯೋದಲ್ಲಿ ನಾನು ಕಪ್ಪು ಅಂಗಿ ಹಾಕುತ್ತಿದ್ದದ್ದು ಅದಕ್ಕೇ.

ಬಣ್ಣದ ಮಾತು ಬಂತು, ಒಂದಿಷ್ಟು ಹೇಳಿಬಿಡುತ್ತೇನೆ. ಕಿಟಕಿಯ ಬೆಳಕು ನೀಲಿ ಕಡೆ, ಹಳದಿ ಬಲ್ಬು ಕೆಂಪು ಕಡೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ನಾಣ್ಯದ ಒಂದು ಕೆನ್ನೆ ನೀಲಿ, ಒಂದು ಕೆನ್ನೆ ಹಳದಿ. ಆಮೇಲೆ ಯಾವ ಆ್ಯಪ್‌ನಿಂದಲೂ ಸರಿ ಮಾಡಲು ಆಗುವುದಿಲ್ಲ. ಒಂದೇ ಜಾತಿಯ ಬೆಳಕು ಇಟ್ಟುಕೊಳ್ಳಿ. ಬಲ್ಬು ಕೊಳ್ಳುವುದಾದರೆ ಪೊಟ್ಟಣದ ಮೇಲೆ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 90ಕ್ಕಿಂತ ಜಾಸ್ತಿ ಇದೆಯಾ ನೋಡಿ. ಅದು ಕಡಿಮೆ ಇದ್ದರೆ ತಾಮ್ರದ ಕೆಂಪು ಸತ್ತುಹೋಗುತ್ತದೆ. ನಾಣ್ಯ ಇಡುವ ಜಾಗದಲ್ಲಿ ಮೊದಲು ಒಂದು ಬೂದು ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ (ಫೋನು ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) ಗಟ್ಟಿ ಮಾಡಿಕೊಳ್ಳಿ. ಆಟೋದಲ್ಲಿ ಬಿಟ್ಟರೆ ಫೋನು ಬಂಗಾರವನ್ನು ಬೆಳ್ಳಿ ಮಾಡಲು ಹೊರಡುತ್ತದೆ.

ಹಿನ್ನೆಲೆಯೂ ಬೂದು ಬಣ್ಣದ್ದೇ ಇರಲಿ. ಕಪ್ಪು ಬಟ್ಟೆ ಮೇಲೆ ಇಟ್ಟರೆ ಕ್ಯಾಮರಾ "ಕತ್ತಲಾಗಿದೆ" ಅಂದುಕೊಂಡು ನಾಣ್ಯವನ್ನು ಸುಡುತ್ತದೆ. ಬಿಳಿ ಕಾಗದದ ಮೇಲೆ ಇಟ್ಟರೆ ನಾಣ್ಯ ಮಸಿಯಾಗುತ್ತದೆ. ನಾಣ್ಯವನ್ನು ಬಾಟಲಿ ಮುಚ್ಚಳದ ಮೇಲೆ ಕೂರಿಸಿ. ಹಿನ್ನೆಲೆ ಮಸುಕಾಗಿ ನಾಣ್ಯ ತೇಲಿದ ಹಾಗೆ ಕಾಣುತ್ತದೆ, ಬಟ್ಟೆಯ ಎಳೆ ಫೋಟೋದಲ್ಲಿ ಬರುವುದಿಲ್ಲ.

ಲೆನ್ಸ್‌ಹುಳ (ಚಿಕ್ಕಮಗಳೂರು) · ಮಂಗಳವಾರ ರಾತ್ರಿ

ಕ್ಯಾಮರಾ ಇರುವವರಿಗೆ ನನ್ನ ಎರಡು ಕಾಸು. 100 ಮಿಲಿಮೀಟರ್ ಮ್ಯಾಕ್ರೋ ಲೆನ್ಸ್ ಇದ್ದರೆ ನಾಣ್ಯಕ್ಕೂ ಲೆನ್ಸಿಗೂ ನಡುವೆ ದೀಪ ತೂರಿಸಲು ಜಾಗ ಸಿಗುತ್ತದೆ. 50ರದ್ದರಲ್ಲಿ ಅದೇ ಕಷ್ಟ. ಲೆನ್ಸಿನ ಕಿಂಡಿ ಎಫ್ 8 ಸಾಕು. 16, 22 ಅಂತ ಹೋದರೆ ಇಷ್ಟು ಹತ್ತಿರದಲ್ಲಿ ಚಿತ್ರ ಮಬ್ಬಾಗುತ್ತದೆ. ಐಎಸ್ಒ (ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆ) 100. ಕೆಲವು ಎಲ್‌ಇಡಿ ಮಿನುಗಿ ಫೋಟೋದಲ್ಲಿ ಅಡ್ಡ ಪಟ್ಟಿ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿ ಹೋಗುತ್ತದೆ.

ಇನ್ನೊಂದು ಉಪಾಯ. ಕ್ಯಾಮರಾ ನಾಣ್ಯಕ್ಕೆ ನೆಟ್ಟಗಿದೆಯಾ ಅಂತ ತಿಳಿಯಲು ನಾಣ್ಯದ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಡಿ. ಸ್ಕ್ರೀನಿನ ಸರಿಯಾಗಿ ನಡುವೆ ಲೆನ್ಸ್ ಕಂಡರೆ ನೆಟ್ಟಗಿದೆ. ಇಲ್ಲದಿದ್ದರೆ ಗುಂಡು ನಾಣ್ಯ ಮೊಟ್ಟೆಯಾಗುತ್ತದೆ.

ಹೆಂಚಿನಮನೆ (ಕೊಪ್ಪ) · ಬುಧವಾರ ರಾತ್ರಿ

ಬೇಲೂರಿನವರಿಗೆ ದೊಡ್ಡ ನಮಸ್ಕಾರ. ಆನೆ ಕಾಸಿಗೆ ದೀಪವನ್ನು ಟೇಬಲ್ ಮಟ್ಟಕ್ಕೆ ಇಳಿಸಿದೆ. ಒಂದು ಕಡೆಯಿಂದ ಏನೂ ಇಲ್ಲ. ನಾಣ್ಯ ಅಲುಗಿಸದೆ ದೀಪವನ್ನೇ ಸುತ್ತಿಸಿದೆ. 11 ಗಂಟೆ ಕಡೆ ಬಂದಾಗ ಆನೆಯ ಬೆನ್ನಿನ ಮೇಲೆ ಒಂದು ಚಂದ್ರ ಎದ್ದ. ಇನ್ನೊಂದು ಚೂರು ಸರಿಸಿದೆ, ಪಕ್ಕದಲ್ಲಿ ಸೂರ್ಯ. ನಡುವೆ ಕನ್ನಡದಲ್ಲಿ "ಶ್ರೀ"!! ಇಷ್ಟು ವರ್ಷ ಮನೆಯಲ್ಲಿ ಎಲ್ಲರೂ ಅದನ್ನು ಟಿಪ್ಪುವಿನ ಕಾಸು ಅನ್ನುತ್ತಿದ್ದರು.

ಹಳೇಕಾಸು (ಅರಸೀಕೆರೆ) · ಬುಧವಾರ ರಾತ್ರಿ

ಶ್ರೀ, ಸೂರ್ಯ, ಚಂದ್ರ ಇದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದು. ಟಿಪ್ಪುವಿನ ತಾಮ್ರದ ಕಾಸಿನಲ್ಲೂ ಆನೆ ಇದೆ, ಆದರೆ ಬರಹ ಪರ್ಷಿಯನ್ ಲಿಪಿಯಲ್ಲಿ. ಟಿಪ್ಪು ತೀರಿಕೊಂಡ 1799ರ ನಂತರವೂ ಮೈಸೂರಿನ ಕಾಸಿನ ಮೇಲೆ ಆನೆ ಮುಂದುವರಿಯಿತು. ಜನರ ಕೈಗೆ ಅಭ್ಯಾಸವಾದ ಕಾಸಲ್ವಾ. ಆಮೇಲೆ ಸಿಂಹ ಬಂತು, "ಮಯಿಲಿ ಕಾಸು" ಅಂತ ಕನ್ನಡದಲ್ಲೇ ಬರೆದಿರುವವು.

ನಿಮ್ಮ 1911ರ ರೂಪಾಯಿಗೂ ಇದೇ ಓರೆ ಬೆಳಕು ಕೊಡಿ. ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಸೊಂಡಿಲು ಗಿಡ್ಡವಾಗಿ, ಜನರ ಕಣ್ಣಿಗೆ ಅದು ಹಂದಿಯ ಹಾಗೆ ಕಂಡಿತು. ಗದ್ದಲವಾಗಿ ಸರ್ಕಾರ ಆ ರೂಪಾಯಿಗಳನ್ನು ವಾಪಸ್ ಪಡೆದು, 1912ರಿಂದ ಆನೆಯನ್ನು ತಿದ್ದಿ ಅಚ್ಚು ಮಾಡಿತು. ಈಗಲೂ ಅದರ ಹೆಸರು ಪಿಗ್ ರುಪೀ. ನೇರ ಬೆಳಕಿನಲ್ಲಿ ಆ ಸೊಂಡಿಲು ಕಾಣುವುದೇ ಇಲ್ಲ. ಎಡದಿಂದ ತಗ್ಗಿನಲ್ಲಿ ದೀಪ ಹಿಡಿಯಿರಿ.

ಕಣದಂಗಳ (ಸಕಲೇಶಪುರ) · ಬುಧವಾರ ರಾತ್ರಿ

ಮಧ್ಯೆ ಬಾಯಿ ಹಾಕುತ್ತೇನೆ. ತೋಟದಲ್ಲಿ ಗುಂಡಿ ತೆಗೆಯುವಾಗ ಸಿಕ್ಕಿದ ನಾಣ್ಯದ ಫೋಟೋ ಇಲ್ಲಿ ಹಾಕಬಹುದಾ? ನನಗಲ್ಲ, ಪರಿಚಯದವರಿಗೆ.

ಬೇಲೂರುಹಾದಿ (ಬೇಲೂರು) · ಬುಧವಾರ ರಾತ್ರಿ

ಫೋಟೋ ಆಮೇಲೆ. ಮಣ್ಣಿನಲ್ಲಿ ಸಿಕ್ಕಿದ್ದು ನಿಧಿ ಕಾಯ್ದೆಗೆ ಬರುತ್ತದೆ, ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು. ಪರಿಚಯದವರಿಗೆ ಹೇಳಿ.

ಹೆಂಚಿನಮನೆ (ಕೊಪ್ಪ) · ಗುರುವಾರ ಸಂಜೆ

ಉಳಿದಿರುವುದು ವರಹ. ಇದು ಬಗ್ಗುತ್ತಿಲ್ಲ. ಸ್ಕೇಲ್ ಇಟ್ಟು ನೋಡಿದೆ, ಅಡ್ಡಗಲ 12 ಮಿಲಿಮೀಟರ್. ದೀಪ ಮೇಲಿದ್ದರೆ ಇಡೀ ನಾಣ್ಯ ಹಳದಿ ಬೆಂಕಿ. ತಗ್ಗಿಸಿದರೆ ಒಂದು ಬದಿ ಹೊಳೆದು ಇನ್ನೊಂದು ಬದಿ ಕಪ್ಪು. ಒಂದು ಮುಖದಲ್ಲಿ ಕೂತಿರುವ ಎರಡು ಮೂರ್ತಿ ಇವೆ ಅನಿಸುತ್ತದೆ. ಇನ್ನೊಂದು ಮುಖ ಏನೂ ತಿಳಿಯುತ್ತಿಲ್ಲ.

ಹಳೇಸ್ಟುಡಿಯೋ (ಹಾಸನ) · ಗುರುವಾರ ರಾತ್ರಿ

ಇದಕ್ಕೆ ಗಾಜಿನ ಉಪಾಯ ಬೇಕು. ಸ್ವಲ್ಪ ಉದ್ದ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ಅಂಗೈ ಅಗಲದ ತೆಳ್ಳನೆ ಗಾಜು ಕೇಳಿ, 2 ಮಿಲಿಮೀಟರ್ ದಪ್ಪದ್ದು. ಅಂಚು ಉಜ್ಜಿಸಿಕೊಳ್ಳಿ, ಕೈ ಕೊಯ್ಯುತ್ತದೆ. ಆ ಗಾಜನ್ನು ನಾಣ್ಯದ ಮೇಲೆ, ಫೋನಿನ ಕೆಳಗೆ, 45 ಡಿಗ್ರಿ ಓರೆಯಾಗಿ ನಿಲ್ಲಿಸಬೇಕು. ಮನೆಯ ಮಾಡಿನ ಇಳಿಜಾರಿನ ಹಾಗೆ. ಎರಡು ಬೆಂಕಿಪೊಟ್ಟಣ, ಸ್ವಲ್ಪ ಜೇಡಿಮಣ್ಣು ಇದ್ದರೆ ನಿಲ್ಲುತ್ತದೆ. ದೀಪವನ್ನು ಗಾಜಿನ ಮಟ್ಟದಲ್ಲಿ, ಪಕ್ಕದಿಂದ ಅಡ್ಡಲಾಗಿ ಬಿಡಿ. ಗಾಜು ಆ ಬೆಳಕಿನ ಒಂದು ಪಾಲನ್ನು ನೇರ ಕೆಳಕ್ಕೆ, ನಾಣ್ಯದ ಮೇಲೆ ತಿರುಗಿಸುತ್ತದೆ. ನಾಣ್ಯ ಅದನ್ನು ನೇರ ಮೇಲಕ್ಕೆ ಎಸೆಯುತ್ತದೆ. ಆ ಬೆಳಕು ಗಾಜಿನ ಮೂಲಕ ದಾಟಿ ಫೋನಿಗೆ ಬರುತ್ತದೆ. ಅಂದರೆ ಲೆನ್ಸಿನ ಕಣ್ಣಿನಿಂದಲೇ ಬೆಳಕು ಹೊರಟ ಹಾಗೆ, ಆದರೆ ಫ್ಲ್ಯಾಶಿನ ಗುಂಡು ಇಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಎರಡು. ದೀಪದಿಂದ ಬೆಳಕು ನೇರವಾಗಿ ನಾಣ್ಯಕ್ಕೆ ಬೀಳಬಾರದು. ದೀಪ ನಾಣ್ಯದ ನಡುವೆ ಒಂದು ರಟ್ಟು ಅಡ್ಡ ಇಡಿ, ಬೆಳಕು ರಟ್ಟಿನ ಮೇಲಿನಿಂದ ಗಾಜಿಗೆ ಮಾತ್ರ ತಾಗಲಿ. ಇನ್ನು ದೀಪದ ಎದುರು ಬದಿಗೆ, ಗಾಜಿನ ಆಚೆ, ಒಂದು ಕಪ್ಪು ಬಟ್ಟೆ ನೇತುಹಾಕಿ. ಇಲ್ಲದಿದ್ದರೆ ಆ ಗೋಡೆಯ ಪ್ರತಿಬಿಂಬ ಗಾಜಿನಲ್ಲಿ ಮೂಡಿ ಫೋಟೋ ಮಬ್ಬಾಗುತ್ತದೆ. ಗಾಜು ಹತ್ತರಲ್ಲಿ ಒಂದು ಪಾಲು ಬೆಳಕನ್ನಷ್ಟೇ ಕೆಳಗೆ ಕಳಿಸುವುದು. ಹಾಗಾಗಿ ಶಟರ್ ನಿಧಾನ ಇರುತ್ತದೆ, ಫೋನು ಮುಟ್ಟಬೇಡಿ.

ಹೀಗೆ ತೆಗೆದರೆ ಸಪಾಟು ಭಾಗ ಬೆಳಗುತ್ತದೆ, ಉಬ್ಬಿನ ಇಳಿಜಾರುಗಳು ಕಪ್ಪಗೆ ಗೆರೆ ಎಳೆದ ಹಾಗೆ ಬರುತ್ತವೆ. ಪ್ರೂಫ್ ನಾಣ್ಯಗಳ (ಸಂಗ್ರಹಕ್ಕೆಂದೇ ವಿಶೇಷವಾಗಿ ಅಚ್ಚು ಹಾಕಿದವು) ಕನ್ನಡಿ ಮೈಗೂ ಬೆಳ್ಳಿಯ ಮೇಲಿನ ನೀಲಿ ನೇರಳೆ ಛಾಯೆಗೂ ಇದೇ ದಾರಿ.

ಹಳೇಕಾಸು (ಅರಸೀಕೆರೆ) · ಗುರುವಾರ ರಾತ್ರಿ

ಗಾಜಿನ ಉಪಾಯ ಒಳ್ಳೆಯದೇ. ಆದರೆ ಇದರಲ್ಲಿ ಗೀರು ಸುಮಾರು ಮುಚ್ಚಿಹೋಗುತ್ತದೆ. ಮಾರುವವರು ಇದನ್ನೇ ಇಷ್ಟಪಡುವುದು ಅದಕ್ಕೇ. ನಾನು ಒಮ್ಮೆ ಇಂಥದೇ ಫೋಟೋ ನೋಡಿ ಆನ್‌ಲೈನಿನಲ್ಲಿ ಒಂದು 1840ರ ರೂಪಾಯಿ ಕೊಂಡೆ. ಬಂದಾಗ ನೋಡಿದರೆ ಕೆನ್ನೆ ಮೇಲೆ ಮೊಳೆಯಿಂದ ಗೀಚಿದ ಹಾಗೆ ಉದ್ದ ಗೀರು. ಫೋಟೋದಲ್ಲಿ ಅದರ ಸುಳಿವೂ ಇರಲಿಲ್ಲ. ವಾಪಸ್ ಕೇಳಿದರೆ "ಫೋಟೋ ನೋಡಿಯೇ ತಗೊಂಡಿದ್ದಲ್ವಾ" ಅಂದರು.

ಮಾರಾಟಕ್ಕೆ ಹಾಕುವವರು ಎರಡು ಫೋಟೋ ಹಾಕಬೇಕು. ಒಂದು ಮೇಲಿನ ಬೆಳಕಿನಲ್ಲಿ, ಒಂದು ಓರೆ ಬೆಳಕಿನಲ್ಲಿ.

ಹಳೇಸ್ಟುಡಿಯೋ (ಹಾಸನ) · ಗುರುವಾರ ರಾತ್ರಿ

ಮದುವೆ ಹೆಣ್ಣಿನ ಫೋಟೋಗೆ ಓರೆ ಬೆಳಕು ಹಿಡಿಯುತ್ತೀರಾ ನೀವು?

ಹಳೇಕಾಸು (ಅರಸೀಕೆರೆ) · ಗುರುವಾರ ರಾತ್ರಿ

ಹೆಣ್ಣನ್ನು ನಾವು ಕೊಂಡುಕೊಳ್ಳುತ್ತಿಲ್ಲವಲ್ಲ ಅಣ್ಣ.

ಲೆನ್ಸ್‌ಹುಳ (ಚಿಕ್ಕಮಗಳೂರು) · ಗುರುವಾರ ರಾತ್ರಿ

ಅರಸೀಕೆರೆಗೆ ಒಂದು ರನ್. ಆದರೆ ಓರೆ ಬೆಳಕೂ ಸುಳ್ಳು ಹೇಳುತ್ತದೆ. ಕೂದಲೆಳೆ ಗೀರನ್ನು ಕಾಲುವೆ ಮಾಡಿ ತೋರಿಸುತ್ತದೆ. ಕೊಳ್ಳುವವರು ಬೆಲೆ ಇಳಿಸಲು ಆ ಫೋಟೋ ಕೇಳುವುದನ್ನೂ ನೋಡಿದ್ದೇನೆ.

ಹೆಂಚಿನಮನೆ (ಕೊಪ್ಪ) · ಶನಿವಾರ ಮಧ್ಯಾಹ್ನ

ಗಾಜು ತಂದೆ. ಮೊದಲ ದಿನ ರಟ್ಟು ಮರೆತೆ, ಬರಿ ಮಬ್ಬು. ಇವತ್ತು ಸರಿಯಾಯಿತು. ವರಹದ ಮುಂದಿನ ಮುಖದಲ್ಲಿ ಶಿವ ಪಾರ್ವತಿ ಕೂತಿದ್ದಾರೆ, ಎಷ್ಟು ಮುದ್ದಾಗಿದೆ! ಅಜ್ಜಿಗೆ ತೋರಿಸಿದೆ, ಕೈಮುಗಿದರು.

ಹಿಂದಿನ ಮುಖಕ್ಕೆ ಗಾಜು ಸಾಲಲಿಲ್ಲ. ಗಾಜು ತೆಗೆದು ಮತ್ತೆ ಓರೆ ಬೆಳಕು ಕೊಟ್ಟೆ. ಮೈಯೆಲ್ಲ ರಾಗಿ ಚೆಲ್ಲಿದ ಹಾಗೆ ಚುಕ್ಕಿ. ನಡುವೆ ಕುಡುಗೋಲಿನ ಹಾಗೆ ಬಾಗಿದ ಒಂದೇ ಒಂದು ಗುರುತು. ಇದು ಯಾವ ಅಕ್ಷರ?

ಹಳೇಕಾಸು (ಅರಸೀಕೆರೆ) · ಶನಿವಾರ ಮಧ್ಯಾಹ್ನ

ಅಮ್ಮಾ, ಕೂತುಕೊಂಡು ಓದಿ.

ಇಕ್ಕೇರಿ ವರಹ ಆಗಿದ್ದರೆ ಹಿಂದೆ ನಾಗರಿ ಲಿಪಿಯಲ್ಲಿ "ಶ್ರೀ ಸದಾಶಿವ" ಅಂತ ಸಾಲುಗಳು ಇರಬೇಕು. ಚುಕ್ಕಿ ಹರಡಿದ ಮೈ ಮೇಲೆ ಒಂದೇ ಅಕ್ಷರ ಇದ್ದರೆ ಅದು ಹೈದರ್ ಅಲಿಯದು. ಆ ಕುಡುಗೋಲು ಅವನ ಹೆಸರಿನ ಮೊದಲಕ್ಷರ, ಪರ್ಷಿಯನ್ ಲಿಪಿಯಲ್ಲಿ. ಬಹದ್ದೂರಿ ವರಹ ಅನ್ನುತ್ತಾರೆ. 1763ರಲ್ಲಿ ಹೈದರ್ ಇಕ್ಕೇರಿ (ಕೆಳದಿ) ನಾಯಕರ ರಾಜಧಾನಿ ಬಿದನೂರು ಗೆದ್ದ. ಇಕ್ಕೇರಿ ವರಹದ ಮುಂದಿನ ಮುಖವನ್ನು ಹಾಗೇ ಉಳಿಸಿಕೊಂಡ. ಶಿವ ಪಾರ್ವತಿ ಇದ್ದ ವರಹವನ್ನು ಪೇಟೆ ನಂಬುತ್ತಿತ್ತು. ಹಿಂದೆ ಮಾತ್ರ ತನ್ನ ಅಕ್ಷರ ಹೊಡೆಸಿದ. ಮುಂದೆ ಮುಮ್ಮಡಿ ಕೃಷ್ಣರಾಜರ ವರಹದಲ್ಲೂ ಅದೇ ಶಿವ ಪಾರ್ವತಿ, ಹಿಂದೆ ನಾಗರಿಯಲ್ಲಿ "ಶ್ರೀ ಕೃಷ್ಣರಾಜ". ಮುಂದಿನ ಮುಖ ಎಷ್ಟು ಚಂದ ತೆಗೆದರೂ ಯಾರದು ಅಂತ ಹೇಳಲು ಆಗುವುದಿಲ್ಲ.

ಎರಡೂ ಫೋಟೋ ಜೋಪಾನವಾಗಿಡಿ. ಅನುಭವ ಇರುವವರ ಕೈಗೆ ನಾಣ್ಯವನ್ನೇ ಒಮ್ಮೆ ತೋರಿಸಿ, ತೂಕವನ್ನೂ ನೋಡಿಸಿ. 3.4 ಗ್ರಾಂ ಹತ್ತಿರ ಇರಬೇಕು.

ಬೇಲೂರುಹಾದಿ (ಬೇಲೂರು) · ಶನಿವಾರ ಸಂಜೆ

ಹಿಂದಿನ ಮುಖದ ಮಾತು ಬಂದಾಗ ನನಗೆ ನಮ್ಮೂರಿನ ವಿಷ್ಣುವರ್ಧನ ನೆನಪಾಗುತ್ತಾನೆ. ಅವನ ಬಂಗಾರದ ನಾಣ್ಯದ ಮುಂದೆ ಸಿಂಹ. ಹಿಂದೆ ಕನ್ನಡದಲ್ಲಿ "ಶ್ರೀ ತಲಕಾಡುಗೊಂಡ". ಇನ್ನೊಂದರಲ್ಲಿ "ಶ್ರೀ ನೊಣಂಬವಾಡಿಗೊಂಡ". ಗೆದ್ದ ಊರನ್ನೇ ಬಿರುದು ಮಾಡಿ ನಾಣ್ಯಕ್ಕೆ ಹೊಡೆಸಿದ. ಪುಸ್ತಕಗಳಲ್ಲಿ ಅದರ ಫೋಟೋ ನೋಡಿದಾಗೆಲ್ಲ ಸಿಂಹ ಬೆಳಗುತ್ತಿರುತ್ತದೆ, ಅಕ್ಷರ ಮಸುಕು. ಯಾರಾದರೂ ಆ ದೀಪ ಸ್ವಲ್ಪ ಇಳಿಸಬಾರದಿತ್ತಾ ಅನಿಸುತ್ತದೆ.

ಹೆಂಚಿನಮನೆ (ಕೊಪ್ಪ) · ಸೋಮವಾರ ರಾತ್ರಿ

43ರದ್ದೂ ಮುಗಿಯಿತು. 86 ಫೋಟೋ. ಕೊನೆಯ ಇಪ್ಪತ್ತು ಬೆಳ್ಳಿ ರೂಪಾಯಿಗೆ ಲ್ಯಾಂಪೂ ಬಳಸಲಿಲ್ಲ, ಮೂರು ದಿನ ಕರೆಂಟು ಇರಲಿಲ್ಲ. ನಮ್ಮ ಅಟ್ಟದ ಮೇಲೆ ಹೆಂಚಿನ ಸಾಲಿನಲ್ಲಿ ಒಂದೇ ಒಂದು ಗಾಜಿನ ಹೆಂಚಿದೆ. ಬೇರೆ ಎಲ್ಲ ಕತ್ತಲೆ. ಮೊದಲು ಹೆಂಚಿನ ನೇರ ಕೆಳಗೆ ನಾಣ್ಯ ಇಟ್ಟೆ, ಫೋನಿನ ನೆರಳು ಬಿತ್ತು. ಎರಡು ಅಡಿ ಹಿಂದಕ್ಕೆ ಸರಿಸಿ, ನಾಣ್ಯದ ತಲೆ ಹೆಂಚಿನ ಕಡೆ ಮಾಡಿದೆ. ಮೋಡದ ಬೆಳಕೇ, ಆದರೆ ಒಂದು ಚೌಕದಿಂದ ಮಾತ್ರ ಬರುತ್ತದೆ. ಗೀರು ಉರಿಯಲಿಲ್ಲ. ಆದರೂ ಎರಡು ರೂಪಾಯಿಯಲ್ಲಿ ಅರಸೀಕೆರೆಯವರು ಹೇಳಿದ ಆ ಚಕ್ರದ ಪಟ್ಟಿ ಕಂಡಿತು! ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ತನಕ ಒಳ್ಳೆಯ ಬೆಳಕು, ಆಮೇಲೆ ಅಟ್ಟ ಮತ್ತೆ ಕತ್ತಲೆ.

ಹಳೇಸ್ಟುಡಿಯೋ (ಹಾಸನ) · ಸೋಮವಾರ ರಾತ್ರಿ

ಭಲೇ. ಬಟರ್ ಪೇಪರೂ ಅಲ್ಲ, ಬರಿ ಬಲ್ಬೂ ಅಲ್ಲ. ಹೆಂಚು ಸಣ್ಣದು, ಅಷ್ಟು ಎತ್ತರದಲ್ಲಿ ಇನ್ನೂ ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಹೊಳಪು ಉಳಿಯಿತು. ನಾವಿಬ್ಬರೂ ಜಗಳ ಆಡಿದ್ದು ದಂಡ.

ಹಳೇಕಾಸು (ಅರಸೀಕೆರೆ) · ಸೋಮವಾರ ರಾತ್ರಿ

ನಾನಿನ್ನೂ ಸೋತಿಲ್ಲ ಅಣ್ಣ. ಅಮ್ಮಾ, ಪಾಲು ಹೇಗಾಯಿತು?

ಹೆಂಚಿನಮನೆ (ಕೊಪ್ಪ) · ಸೋಮವಾರ ರಾತ್ರಿ

ಇನ್ನೂ ಆಗಿಲ್ಲ. ಫೋಟೋಗಳನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಪ್ಪಾಯಿತು. ಮೊದಲು "ಆ ಕಪ್ಪು ಕಾಸು ಯಾರಿಗೆ ಬೇಕು" ಅನ್ನುತ್ತಿದ್ದ ದೊಡ್ಡಪ್ಪ ಈಗ ಆನೆ ತನಗೇ ಬೇಕು ಅನ್ನುತ್ತಿದ್ದಾರೆ. ವರಹ ಮಾತ್ರ ಅಜ್ಜಿ ಯಾರಿಗೂ ಕೊಡುವುದಿಲ್ಲವಂತೆ. ಹೈದರನದ್ದು ಅಂತ ಹೇಳಿದೆ. "ಹಿಂದೆ ಯಾರ ಹೆಸರಾದರೂ ಇರಲಿ, ಮುಂದೆ ಶಿವ ಇದ್ದಾನಲ್ಲ" ಅಂದು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ.

ಮಳೆಬಿಲ್ಲು (ಮೂಡಿಗೆರೆ) · ಸೋಮವಾರ ರಾತ್ರಿ

ಮೇಡಂ, ಆ ಗಾಜಿನ ಹೆಂಚು ನಿಮ್ಮ ಕಡೆ ಎಲ್ಲಿ ಸಿಗುತ್ತದೆ? ನಮ್ಮದು ಹೋದ ಮಳೆಗಾಲದಲ್ಲಿ ಮಂಗ ಒಡೆದುಹಾಕಿತು.